ಬೆಂಗಳೂರಿನಿಂದ ಕಾಡಿಗೆ ಒಂದು ದಿನ: ಹೊರಡುವ ಮುಂಚೆ, ಒಳಗೆ ಹೋದ ಮೇಲೆ

ಬೆಂಗಳೂರಿನವರಿಗೆ ಕಾಡು ಅಂದ ಕೂಡಲೇ ನೆನಪಾಗೋದು ಬಂಡೀಪುರ, ಕಬಿನಿ, ಕೊಡಗು. ಐದಾರು ಗಂಟೆ ಕಾರು, ರೂಮು, ಸಫಾರಿ ಟಿಕೆಟ್ಟು, ಮನೆಮಂದಿಯೆಲ್ಲ ಹೊರಟರೆ ದೊಡ್ಡ ಖರ್ಚು. ಹಾಗಾಗಿ ವರ್ಷಕ್ಕೊಮ್ಮೆ ಹೋದರೆ ಅದೇ ಹೆಚ್ಚು. ಆದರೆ ಊರಿನ ಅಂಚಿನಲ್ಲೇ ಕಾಡುಗಳಿವೆ. ಕೆಲವು ಕಡೆಗೆ ಮೆಟ್ರೋ ಇಳಿದು ಆಟೋ ಹತ್ತಿದರೆ ಸಾಕು. ಆನೆ, ಹುಲಿ ಕಾಣಲೇಬೇಕು ಅನ್ನೋ ಹಟ ಬಿಟ್ಟರೆ ಈ ಕುರುಚಲು ಕಾಡುಗಳಲ್ಲಿ ನೋಡೋದಕ್ಕೆ ಬೇಕಾದಷ್ಟಿದೆ.

ಕಾಡಿನಲ್ಲಿ ಕಳೆಯುವ ದಿನ ಚೆನ್ನಾಗಿರುತ್ತದೋ ಕೆಡುತ್ತದೋ ಅನ್ನೋದು ಬಹುಪಾಲು ಮನೆಯಲ್ಲೇ ತೀರ್ಮಾನವಾಗುತ್ತದೆ. ಯಾವ ಕಾಡು, ಯಾವ ತಿಂಗಳು, ಯಾರ ಜೊತೆ, ಎಷ್ಟು ದೂರ? ಕಡಿಮೆ ಜನ, ಕಡಿಮೆ ದೂರ ಇಟ್ಟುಕೊಂಡು ಹೋದವರೇ ಜಾಸ್ತಿ ನೋಡಿ ಬರುತ್ತಾರೆ. ಈ ಲೇಖನ ಪೂರ್ತಿ ಅದೇ ಲೆಕ್ಕದಲ್ಲಿದೆ.

1. ಮೊದಲು ಕಾಡು ಆರಿಸಿ

ಯಾರು ಬರುತ್ತಾರೆ ಅಂತ ನೋಡಿಕೊಂಡು ಜಾಗ ಆರಿಸಿ. ಜಾಗ ಗೊತ್ತು ಮಾಡಿ ಆಮೇಲೆ ಎಲ್ಲರನ್ನೂ ಎಳೆದುಕೊಂಡು ಹೋಗಬೇಡಿ. ಮಂಡಿನೋವಿನ ಅಮ್ಮನನ್ನು ಸಾವನದುರ್ಗದ ಬಂಡೆ ಹತ್ತಿಸೋದು ಸರಿಯಲ್ಲ, ಅಲ್ವಾ?

ಮೊದಲ ಸಲ ಹೋಗುವವರು, ಸಣ್ಣ ಮಕ್ಕಳಿರುವವರು ಊರೊಳಗಿನ ಕಾಡಿನಿಂದಲೇ ಶುರು ಮಾಡಿ. ಬನ್ನೇರುಘಟ್ಟ ರಸ್ತೆ ಕಡೆ ದೊರೆಸಾನಿಪಾಳ್ಯ ಇದೆ. ಯಲಹಂಕದವರಿಗೆ ಜಾರಕಬಂಡೆ ಕಾವಲ್ ಹತ್ತಿರ. ಕನಕಪುರ ರಸ್ತೆಯ ತುರಹಳ್ಳಿ ಕಾಡು ಸುಮಾರು 590 ಎಕರೆ. ದೊಡ್ಡ ದೊಡ್ಡ ಬಂಡೆ, ಮಧ್ಯೆ ಜಾಲಿ, ನೀಲಗಿರಿ, ಲಂಟಾನದ ಪೊದೆ. ನವಿಲು, ಗೌಜಲಹಕ್ಕಿ ಕೂಗುತ್ತಲೇ ಇರುತ್ತವೆ. ಚಿರತೆಯೂ ಓಡಾಡುವ ಜಾಗ ಅದು. 2021ರಲ್ಲಿ ಇಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಾಗ ಸುತ್ತಮುತ್ತಲಿನ ಜನ ಬೀದಿಗಿಳಿದು, ನಮಗೆ ಕಾಡೇ ಇರಲಿ, ಪಾರ್ಕು ಬೇಡ ಅಂದರು. ಬೆಂಚು, ಕಲ್ಲುಹಾಸು, ಜಾರುಬಂಡೆ ಯಾವ ಬಡಾವಣೆಯಲ್ಲಿ ಬೇಕಾದರೂ ಮಾಡಬಹುದು. ಕುರುಚಲು ಕಾಡನ್ನು ಹಾಗೆ ಕಟ್ಟೋದಕ್ಕೆ ಆಗೋದಿಲ್ಲ. ಅವರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಬನ್ನೇರುಘಟ್ಟದ ಬಗ್ಗೆ ಬಹಳ ಜನರಿಗೆ ಗೊಂದಲವಿದೆ. 1974ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ ಬೇರೆ, ಮೃಗಾಲಯ, ಸಫಾರಿ, ಚಿಟ್ಟೆ ಉದ್ಯಾನ ಇರುವ ಜೈವಿಕ ಉದ್ಯಾನ ಬೇರೆ. ನಾವು ಟಿಕೆಟ್ ತಗೊಂಡು ಹೋಗೋದು ಎರಡನೆಯದಕ್ಕೆ. ಅದಕ್ಕೆ ಮಂಗಳವಾರ ರಜೆ. ಅದರ ಆಚೆಗಿನ ಕಾಡಿನಲ್ಲಿ ಆನೆಗಳು ಓಡಾಡುತ್ತವೆ. ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಕಾಲಿಡುವ ಹಾಗಿಲ್ಲ. ಊರವರು ಯಾರೋ 'ಹಿಂದಿನ ದಾರಿ ಇದೆ ಬನ್ನಿ' ಅಂದರೂ ಹೋಗಬೇಡಿ.

ವಯಸ್ಸಾದವರು ಇದ್ದರೆ ನಾನು ಹೇಳೋದು ತುಮಕೂರಿನ ಹತ್ತಿರದ ದೇವರಾಯನದುರ್ಗ. ವಾಹನ ಬೆಟ್ಟದ ಮೇಲಿನವರೆಗೂ ಹೋಗುತ್ತದೆ. ನರಸಿಂಹಸ್ವಾಮಿ ದರ್ಶನವೂ ಆಗುತ್ತದೆ. ಕೆಳಗೆ ನಾಮದ ಚಿಲುಮೆಯ ಸುತ್ತ ನೆರಳಿದೆ, ನಿಧಾನಕ್ಕೆ ಅಡ್ಡಾಡಬಹುದು. ತಾತ, ಅಜ್ಜಿ ಮರದ ಕೆಳಗೆ ಕೂತಿದ್ದರೆ ಮಿಕ್ಕವರು ಸುತ್ತಾಡಿಕೊಂಡು ಬರಬಹುದು.

ಗಟ್ಟಿ ಕಾಲಿನವರಿಗೆ ಮಾಗಡಿ ಹತ್ತಿರದ ಸಾವನದುರ್ಗ. ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು ಭಾರಿ ಬಂಡೆಗಳು, ಎತ್ತರ 1,226 ಮೀಟರ್. ಇದು ಮಾಗಡಿ ಕೆಂಪೇಗೌಡರ ಕೋಟೆ. 1791ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಇದನ್ನು ಹಿಡಿದಾಗ ಸುತ್ತಲಿನ ದಟ್ಟ ಬಿದಿರು ಮೆಳೆಯೂ ಕೋಟೆಗೆ ಇನ್ನೊಂದು ಗೋಡೆಯಾಗಿತ್ತು. ಬರುವವರೆಲ್ಲ ಬಂಡೆ ಹತ್ತಿ, ಫೋಟೋ ತೆಗೆದುಕೊಂಡು ಇಳಿದುಬಿಡುತ್ತಾರೆ. ನನ್ನ ಕೇಳಿದರೆ ಬುಡದ ಕಾಡೇ ಹೆಚ್ಚು. ಹಳದಿ ಗಂಟಲಿನ ಪಿಕಳಾರ ಅನ್ನೋ ಹಕ್ಕಿ ಇಂಥ ಕಲ್ಲುಗುಡ್ಡದ ಕುರುಚಲಿನಲ್ಲೇ ಬದುಕುತ್ತದೆ. ದಕ್ಷಿಣ ಭಾರತದ ಇಂಥ ಗುಡ್ಡಗಳು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಇರುವುದೂ ಕಡಿಮೆಯಾಗುತ್ತಿದೆ. ದೂರದ ದೇಶಗಳಿಂದ ಅದನ್ನು ಹುಡುಕಿಕೊಂಡು ಬರುತ್ತಾರೆ. ನಮಗೆ ಅದು ಮಾಗಡಿ ರಸ್ತೆಯ ತುದಿಯಲ್ಲಿದೆ.

ಕಾವೇರಿ ವನ್ಯಜೀವಿಧಾಮದ ಮುತ್ತತ್ತಿ ಸುಮಾರು ನೂರು ಕಿಲೋಮೀಟರ್. ಹೊಳೆ ದಂಡೆಯ ಹೊಳೆಮತ್ತಿ ಮರಗಳನ್ನು ನೋಡೋದಕ್ಕೇ ಹೋಗಬಹುದು. ಆದರೆ ನೀರಿಗೆ ಮಾತ್ರ ಇಳಿಯಬೇಡಿ. ಮೇಲೆ ಶಾಂತವಾಗಿ ಕಾಣುವ ಕಡೆಯೇ ಸುಳಿ ಇರುತ್ತದೆ. ಸಾವನದುರ್ಗದ ಹತ್ತಿರದ ಮಂಚನಬೆಲೆ ಜಲಾಶಯಕ್ಕೂ ಇದೇ ಮಾತು. ಈಜು ಬರುವ ಹುಡುಗರೇ ಎರಡೂ ಕಡೆ ಜೀವ ಕಳೆದುಕೊಂಡಿದ್ದಾರೆ.

2. ಅನುಮತಿ, ಟಿಕೆಟ್

ಕಾಡಿನಲ್ಲಿ ದೇವಸ್ಥಾನ ಇದೆ ಅಂದ ಮಾತ್ರಕ್ಕೆ ಎಲ್ಲಿ ಬೇಕಾದರೂ ನಡೆಯಬಹುದು ಅಂತಲ್ಲ. ದೇವಸ್ಥಾನದ ದಾರಿ ಬೇರೆ, ಚಾರಣದ ದಾರಿ ಬೇರೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಒಂದೇ ಸಲಕ್ಕೆ ಸಾವಿರಾರು ಜನ ಸೇರಿದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಟಿಕೆಟ್ ಕಡ್ಡಾಯ ಮಾಡಲು ಹೊರಟಿತು. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಬುಕ್ ಮಾಡಬಹುದು. ಹೊರಡುವ ವಾರ ಒಮ್ಮೆ ಅಲ್ಲಿ ನೋಡಿ. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ, ಮಳೆಗಾಲದಲ್ಲಿ ಜಾರುವ ಭಯಕ್ಕೆ ಕೆಲವು ದಾರಿ ಮುಚ್ಚಿರುತ್ತಾರೆ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯನ್ನೇ ಜೊತೆಗೆ ತೆಗೆದುಕೊಂಡು ಹೋಗಿ. ಟಿಕೆಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಗೇಟಿನ ಹತ್ತಿರ ನೆಟ್‌ವರ್ಕ್ ಸಿಗದೇ ಇರಬಹುದು.

ಊರೊಳಗಿನ ಕಾಡುಗಳಿಗೆ ಬೆಳಿಗ್ಗೆ, ಸಂಜೆ ಇಷ್ಟು ಹೊತ್ತು ಅಂತ ಸಮಯ ಇರುತ್ತದೆ. ಅದೂ ಆಗಾಗ ಬದಲಾಗುತ್ತದೆ. ದಿನಾ ವಾಕಿಂಗ್ ಹೋಗುವವರನ್ನೋ ಗೇಟಿನ ವಾಚರ್‌ನನ್ನೋ ಕೇಳಿಕೊಂಡರೆ ಆಯಿತು. ಡ್ರೋನ್ ಮನೆಯಲ್ಲೇ ಇರಲಿ.

3. ಯಾವ ತಿಂಗಳು, ಎಷ್ಟು ಹೊತ್ತಿಗೆ

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆ ಕಾಲ. ಬಿಸಿಲು ಹಿತವಾಗಿರುತ್ತದೆ, ಉತ್ತರದಿಂದ ವಲಸೆ ಬಂದ ಹಕ್ಕಿಗಳೂ ಇರುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಉದುರಿ ಕಾಡು ಬಟಾಬಯಲಾಗುತ್ತದೆ. 'ಏನೂ ಇಲ್ಲ, ಒಣಗಿ ಹೋಗಿದೆ' ಅಂತ ಬೇಜಾರು ಮಾಡಿಕೊಳ್ಳುವವರಿದ್ದಾರೆ. ಆದರೆ ಹಕ್ಕಿಗಳು ಚೆನ್ನಾಗಿ ಕಾಣೋದೇ ಆಗ. ಮುತ್ತುಗ ಅರಳೋದೂ ಆಗಲೇ. ಹೂಬಿಟ್ಟ ಮುತ್ತುಗದ ಮರ ಸಿಕ್ಕಿದರೆ ಮುಂದೆ ಹೋಗಬೇಡಿ, ದೂರದಲ್ಲಿ ಕೂತುಬಿಡಿ. ಮರದ ತುಂಬ ಎಲೆಯೇ ಇಲ್ಲದೆ ಕೇಸರಿ ಹೂವು. ಸೂರಕ್ಕಿ, ಮೈನಾ, ಪಿಕಳಾರ ಮಕರಂದಕ್ಕೆ ಜಗಳ ಆಡುತ್ತಿರುತ್ತವೆ. ಕಾಜಾಣ ಮಾತ್ರ ಬಂದವರನ್ನೆಲ್ಲ ಓಡಿಸುತ್ತಾ ಇರುತ್ತದೆ. ದುರ್ಬೀನಿನಲ್ಲಿ ನೋಡಿದರೆ ಕೆಲವು ಹಕ್ಕಿಗಳ ಹಣೆಗೆ ಹಳದಿ ಪರಾಗ ಮೆತ್ತಿಕೊಂಡಿರೋದೂ ಕಾಣುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿಕೊಳ್ಳಿ. ಮಧ್ಯಾಹ್ನದ ಮೇಲೆ ಗುಡುಗು ಮಿಂಚಿನ ಮಳೆ ಬರುವ ತಿಂಗಳುಗಳು ಅವು. ಬೋಳುಬಂಡೆಯ ಮೇಲೆ ಸಿಕ್ಕಿಹಾಕಿಕೊಳ್ಳೋದು ಅಪಾಯ. ಮಳೆ ಬಿದ್ದ ಬಂಡೆ ಹತ್ತೋದೇ ಬೇಡ. ಹತ್ತಿದ್ದು ಗೊತ್ತಾಗೋದಿಲ್ಲ, ಇಳಿಯುವಾಗ ಗೊತ್ತಾಗುತ್ತದೆ.

ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆ ಸಿಕ್ಕಿದರೆ ದಿನದ ಅರ್ಧ ಗೆದ್ದ ಹಾಗೆ. ಜನವರಿಯಲ್ಲಿ ಸೂರ್ಯ ಹುಟ್ಟೋದು ಆರೂಮುಕ್ಕಾಲರ ಹೊತ್ತಿಗೆ, ಜೂನ್‌ನಲ್ಲಿ ಆರಕ್ಕೂ ಸ್ವಲ್ಪ ಮುಂಚೆ. ಅದಕ್ಕೆ ತಕ್ಕ ಹಾಗೆ ಅಲಾರಂ ಇಡಿ. ಕತ್ತಲಲ್ಲಿ ಮಾತ್ರ ಒಳಗೆ ಹೋಗಬೇಡಿ. ಸಾವನದುರ್ಗ, ದೇವರಾಯನದುರ್ಗದ ಕಡೆ ಕರಡಿಗಳಿವೆ. ಮುಸ್ಸಂಜೆಯಿಂದ ನಸುಕಿನವರೆಗೆ ಅವುಗಳ ಸಮಯ.

4. ಎಷ್ಟು ಜನ?

ನಾಲ್ಕೈದು ಜನ ಸಾಕು. ಆಫೀಸಿನ ಟೀಮ್ ಪೂರ್ತಿ ಹೊರಟರೆ ಅದು ಪಿಕ್ನಿಕ್. ಅದಕ್ಕೆ ಬೇರೆ ಜಾಗಗಳಿವೆ. ಒಬ್ಬರೇ ಹೋಗೋದೂ ಬೇಡ, ಕಾಲು ಉಳುಕಿದರೆ ಕೂಗಿದರೂ ಕೇಳುವವರಿರುವುದಿಲ್ಲ. ಯಾವ ಕಾಡು, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಅಂತ ಮನೆಯಲ್ಲಿ ಇರುವವರಿಗೆ ವಾಟ್ಸಾಪ್ ಮಾಡಿ ಹೊರಡಿ.

5. ಬಟ್ಟೆ, ಚೀಲ, ಊಟ

ಮಣ್ಣಿನ ಬಣ್ಣದ್ದೋ ಮಾಸಲು ಹಸಿರಿನದ್ದೋ ಹಳೇ ಬಟ್ಟೆ, ತುಂಬು ತೋಳು, ಪೂರ್ತಿ ಪ್ಯಾಂಟ್. ಜೀನ್ಸ್ ಬೇಡ, ಒದ್ದೆಯಾದರೆ ಭಾರ. ಪ್ಯಾಂಟಿನ ಅಂಚನ್ನು ಸಾಕ್ಸ್ ಒಳಗೆ ಸೇರಿಸಿಕೊಳ್ಳಿ. ನೋಡೋದಕ್ಕೆ ಚೆನ್ನಾಗಿರೋದಿಲ್ಲ, ಆದರೆ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣೆ ಹುಳ ಹತ್ತೋದು ಕಡಿಮೆಯಾಗುತ್ತದೆ. ಚಪ್ಪಲಿ ಬೇಡ, ಕೆಳಗೆ ಹಿಡಿತ ಇರುವ ಶೂ ಇರಲಿ. ಸೆಂಟು ಹಾಕಿಕೊಳ್ಳಲೇಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ತಲೆಗೆ ಎರಡು ಲೀಟರ್ ನೀರು. ಕಾಡಿನೊಳಗೆ ಅಂಗಡಿ ಇರೋದಿಲ್ಲ, ತೊರೆಯ ನೀರು ಕುಡಿಯೋದು ಬೇಡ. ಓಆರ್‌ಎಸ್ ಎರಡು ಪ್ಯಾಕೆಟ್, ಬ್ಯಾಂಡೇಜ್ ಬಟ್ಟೆ, ಸಣ್ಣ ಚಿಮಟ, ಟಾರ್ಚ್, ಚಾರ್ಜ್ ಆದ ಪವರ್ ಬ್ಯಾಂಕ್, ಕಸಕ್ಕೊಂದು ಚೀಲ. ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಂಡಿರಿ. ದುರ್ಬೀನು ಇಲ್ಲದಿದ್ದರೆ ಯಾರದ್ದಾದರೂ ಎರವಲು ತನ್ನಿ. ಕ್ಯಾಮೆರಾಗಿಂತ ಅದು ಉಪಯೋಗ. ಹಕ್ಕಿಯ ದನಿ ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಬೇಕಿದ್ದರೆ ಹಾಕಿಕೊಳ್ಳಿ. ಆದರೆ ಹಕ್ಕಿ ಕರೆಯೋದಕ್ಕೆ ಅದರ ದನಿಯನ್ನೇ ಜೋರಾಗಿ ಹಾಕಬೇಡಿ. ಇನ್ನೊಂದು ಹಕ್ಕಿ ತನ್ನ ಜಾಗಕ್ಕೆ ಬಂದಿದೆ ಅಂದುಕೊಂಡು ಅದು ಗೂಡು, ಮರಿ ಬಿಟ್ಟು ಓಡಿ ಬರುತ್ತದೆ.

ಊಟಕ್ಕೆ ಚಪಾತಿ, ಪಲ್ಯ ಅಥವಾ ಪುಳಿಯೋಗರೆ, ಸ್ಟೀಲ್ ಡಬ್ಬಿಯಲ್ಲಿ. ಚಿಪ್ಸ್ ಪ್ಯಾಕೆಟ್ ಸದ್ದಿಗೆ ಕೋತಿಗಳು ಎಲ್ಲಿದ್ದರೂ ಬರುತ್ತವೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಕಿತ್ತುಕೊಂಡೇ ಹೋಗುತ್ತವೆ. ಕಾಡಿನಲ್ಲಿ ಒಲೆ ಹಚ್ಚೋದು, ಬೀಡಿ ಸಿಗರೇಟು ಸೇದೋದು ತಪ್ಪು, ಕಾನೂನಿನಲ್ಲೂ ತಪ್ಪು. ಜನವರಿಯಿಂದ ಮೇವರೆಗೆ ಆಳೆತ್ತರದ ಹುಲ್ಲು ಕಡ್ಡಿಯಂತೆ ಒಣಗಿರುತ್ತದೆ. ಗಾಳಿ ಬೀಸುತ್ತಿದ್ದರೆ ಒಂದು ಕಿಡಿಗೆ ಇಡೀ ಗುಡ್ಡ ಹೊತ್ತಿಕೊಳ್ಳುತ್ತದೆ. ನೆಲದಲ್ಲಿ ಮೊಟ್ಟೆ ಇಡುವ ಹಕ್ಕಿಗಳಿಗೆ ಆಗ ತಪ್ಪಿಸಿಕೊಳ್ಳುವ ದಾರಿಯೇ ಇರೋದಿಲ್ಲ.

6. ಹೋಗೋದು ಹೇಗೆ

ತುರಹಳ್ಳಿಗೆ ಹಸಿರು ಮಾರ್ಗದ ಮೆಟ್ರೋದಲ್ಲಿ ವಾಜರಹಳ್ಳಿಯಲ್ಲೋ ತಲಘಟ್ಟಪುರದಲ್ಲೋ ಇಳಿದು ಆಟೋ ಹಿಡಿಯಬಹುದು. ಬನ್ನೇರುಘಟ್ಟಕ್ಕೆ ಮೆಜೆಸ್ಟಿಕ್‌ನಿಂದ 365 ನಂಬರ್ ಬಸ್. ಸಾವನದುರ್ಗಕ್ಕೆ ಮಾಗಡಿವರೆಗೆ ಬಸ್ಸಿದೆ, ಅಲ್ಲಿಂದ ಹನ್ನೆರಡು ಕಿಲೋಮೀಟರ್‌ನಷ್ಟು ದೂರಕ್ಕೆ ಆಟೋ ಗೊತ್ತು ಮಾಡಿಕೊಳ್ಳಬೇಕು. ವಾಪಸ್ಸು ಬರೋದಕ್ಕೂ ಅದೇ ಆಟೋದವರಿಗೆ ಹೇಳಿ ಇಟ್ಟಿರಿ. ಕಾರಿನಲ್ಲಿ ಹೋದರೆ ಊರಿನ ದಾರಿಗೆ, ಹೊಲದ ಗೇಟಿಗೆ ಅಡ್ಡ ನಿಲ್ಲಿಸಬೇಡಿ. ದಾರಿ ಗೊತ್ತಾಗದಿದ್ದರೆ ಮ್ಯಾಪ್ ಬಿಟ್ಟು ದನ ಕಾಯುವವರನ್ನು ಕೇಳಿ. 'ಯಜಮಾನ್ರೇ, ಈ ಕಡೆ ಹೋಗಬಹುದಾ, ಆನೆ ಗೀನೆ ಬಂದಿತ್ತಾ?' ಅಂತ ಕೇಳಿದರೆ ಆ ವಾರದ ಸಮಾಚಾರವೆಲ್ಲ ಸಿಗುತ್ತದೆ. ಬನ್ನೇರುಘಟ್ಟ ಕಡೆಯಿಂದ ಆನೆಗಳು ಸಾವನದುರ್ಗ, ಮಂಚನಬೆಲೆವರೆಗೂ ಬರುವುದುಂಟು. ಅವರು 'ಬೇಡ ಸ್ವಾಮಿ' ಅಂದರೆ ವಾದ ಮಾಡದೆ ವಾಪಸ್ಸು ಬನ್ನಿ.

7. ಒಳಗೆ ಹೋದ ಮೇಲೆ

ಮೊದಲ ಹತ್ತು ನಿಮಿಷ ನಡೆಯಬೇಡಿ. ಗೇಟಿನಿಂದ ಸ್ವಲ್ಪ ಒಳಗೆ ಹೋಗಿ ಸುಮ್ನೆ ನಿಂತುಬಿಡಿ. ನೀವು ಬಂದ ಸದ್ದಿಗೆ ಕಾಡು ಬಾಯಿ ಮುಚ್ಚಿಕೊಂಡಿರುತ್ತದೆ. ನಿಧಾನಕ್ಕೆ ಕುಟುರ ಕೂಗು ಶುರುವಾಗುತ್ತದೆ, ಪಿಕಳಾರ ಪೊದೆಯಿಂದ ಹೊರಗೆ ಬರುತ್ತದೆ, ಎಲ್ಲೋ ಮರಕುಟಿಗ ಕುಟ್ಟುತ್ತದೆ. ಆಮೇಲೆ ಹೊರಡಿ. ಇಡೀ ಬೆಳಗ್ಗೆ ಎರಡು ಕಿಲೋಮೀಟರ್ ನಡೆದರೆ ಸಾಕು. ಇಪ್ಪತ್ತು ಹೆಜ್ಜೆ ಹಾಕಿ, ನಿಂತು, ಸುತ್ತ ನೋಡಿ, ಮತ್ತೆ ಇಪ್ಪತ್ತು ಹೆಜ್ಜೆ.

ಮೇಲೆ ನೋಡುವಷ್ಟೇ ಕೆಳಗೂ ನೋಡಿ. ಚಾಚಿದ ಬಂಡೆಯ ಕೆಳಗೆ ಮಳೆ ಬೀಳದ ನುಣ್ಣನೆ ಧೂಳು ಇರುತ್ತದಲ್ಲ, ಅಲ್ಲಿ ಲಾಳಿಕೆ ಆಕಾರದ ಸಣ್ಣ ಗುಂಡಿಗಳು ಕಾಣುತ್ತವೆ. ಬಾಯಿ ಬೆರಳಿನಷ್ಟು ಅಗಲ. ತಳದಲ್ಲಿ ಇರುವೆ ಹಿಡಿಯುವ ಹುಳ ಮಣ್ಣಿನಲ್ಲಿ ಹುದುಗಿ ಕೂತಿರುತ್ತದೆ. ಮಂಡಿಯೂರಿ ಕೂತು ಕಾಯಿರಿ. ಇರುವೆಯೊಂದು ಅಂಚಿಗೆ ಬಂದು ಕಾಲು ಜಾರಿತು ಅಂದರೆ ಮೇಲೆ ಹತ್ತೋದಕ್ಕೆ ಒದ್ದಾಡುತ್ತದೆ. ಕೆಳಗಿನ ಹುಳ ತಲೆಯಿಂದ ಮಣ್ಣು ಎರಚುತ್ತದೆ. ಗೋಡೆಯ ಮಣ್ಣು ಕುಸಿದು ಇರುವೆ ತಳಕ್ಕೆ ಬರುತ್ತದೆ. ಎರಡು ಕೊಂಡಿಗಳು ಒಂದು ಸಲ ಕಾಣಿಸಿ ಒಳಗೆ ಎಳೆದುಕೊಳ್ಳುತ್ತವೆ. ಮಕ್ಕಳನ್ನು ಅಲ್ಲಿಂದ ಎಬ್ಬಿಸೋದೇ ಕಷ್ಟ. ಮುಂದೆ ಆ ಹುಳಕ್ಕೇ ರೆಕ್ಕೆ ಬಂದು, ಏರೋಪ್ಲೇನ್ ಚಿಟ್ಟೆ ತರಹದ ಕೀಟವಾಗಿ ಹಾರಿಹೋಗುತ್ತದೆ ಅಂತ ಹೇಳಿ. ನಂಬೋದಿಲ್ಲ.

ಇನ್ನೊಂದು ಹುತ್ತ. ಹುತ್ತದ ಪಕ್ಕ ಯಾರೋ ಗುದ್ದಲಿಯಲ್ಲಿ ಅಗೆದ ಹಾಗೆ ಗುಂಡಿ ಇದ್ದರೆ, ಮಣ್ಣಿನಲ್ಲಿ ಉದ್ದ ಉಗುರಿನ ಗೀರು ಇದ್ದರೆ ಅದು ಕರಡಿಯ ಕೆಲಸ. ಗೆದ್ದಲನ್ನು ಬಾಯಿಂದ ಎಳೆದುಕೊಂಡು ತಿನ್ನುತ್ತದೆ. ಹತ್ತಿರದಲ್ಲೇ ಹಣ್ಣಿನ ಬೀಜ ತುಂಬಿದ ಅದರ ಲದ್ದಿಯೂ ಕಾಣಬಹುದು. ಮಣ್ಣು ಇನ್ನೂ ಹಸಿಯಾಗಿದ್ದರೆ ಅಲ್ಲಿ ನಿಲ್ಲಬೇಡಿ, ಬಂದ ದಾರಿಯಲ್ಲೇ ಹಿಂದೆ ಬನ್ನಿ. ಇಂಥ ಕಾಡಿನಲ್ಲಿ ಪೂರ್ತಿ ಮೌನವೂ ಒಳ್ಳೆಯದಲ್ಲ. ತಿರುವುಗಳಲ್ಲಿ, ಪೊದೆ ಒತ್ತಾಗಿರುವ ಕಡೆ ಮೆತ್ತಗೆ ಮಾತಾಡುತ್ತಾ ಹೋಗಿ. ಕರಡಿ ಮೇಲೆ ಬೀಳೋದು ಹೆಚ್ಚಾಗಿ ಎದುರಾಎದುರು ಸಿಕ್ಕಿ ಗಾಬರಿಯಾದಾಗ.

ಮಕ್ಕಳಿಗೆ ಒಂದೊಂದು ಕೆಲಸ ಕೊಡಿ. ಒಬ್ಬರು ಎಲೆ ಆಕಾರ ಬರೆದುಕೊಳ್ಳಲಿ, ಒಬ್ಬರು ದನಿ ಲೆಕ್ಕ ಹಾಕಲಿ. ಆದರೆ ಹೂವು, ಕಾಯಿ ಕೀಳೋದು ಬೇಡ. ಬಿದ್ದ ಗರಿ, ಗೂಡು ಕೂಡ ಅಲ್ಲೇ ಇರಲಿ. ನವಿಲುಗರಿ ಕಂಡಾಗ ಇದು ಕಷ್ಟ, ಆದರೂ ಮೊದಲೇ ಹೇಳಿ ಕರೆದುಕೊಂಡು ಹೋಗಿ. ಈ ಕಾಡುಗಳಲ್ಲಿ ಕಾಡುಪಾಪವೂ ಇದೆ. ರಾತ್ರಿ ಓಡಾಡುವ ಪ್ರಾಣಿ. ಅದನ್ನು ಹುಡುಕಿಕೊಂಡು ಟಾರ್ಚ್ ಹಿಡಿದು ಹೋಗೋದು, ಆ ದೊಡ್ಡ ಕಣ್ಣಿಗೆ ಬೆಳಕು ಬಿಡೋದು ದಯವಿಟ್ಟು ಬೇಡ. ಹಗಲಿನಲ್ಲಿ ಕಾಣದಿದ್ದರೂ ಮೇಲೆಲ್ಲೋ ಮುದುಡಿಕೊಂಡು ಮಲಗಿರುತ್ತದೆ ಅಂತ ಗೊತ್ತಿದ್ದರೆ ಸಾಕು.

8. ಏನಾದರೂ ಆದರೆ

ಇಲ್ಲಿನ ಬಂಡೆಗಳಲ್ಲಿ ಎಲ್ಲಕ್ಕಿಂತ ಹುಷಾರಾಗಿರಬೇಕಾದದ್ದು ಹೆಜ್ಜೇನಿಗೆ. ಬಂಡೆಯ ಚಾಚಿನ ಕೆಳಗೆ ದೊಡ್ಡ ದೊಡ್ಡ ಹುಟ್ಟು ನೇತಾಡುತ್ತಿರುತ್ತವೆ. ಸೆಂಟಿನ ವಾಸನೆ, ಹೊಗೆ, ಕಿರುಚಾಟ, ಕಲ್ಲು ಎಸೆತ ಯಾವುದಕ್ಕೆ ಬೇಕಾದರೂ ಏಳಬಹುದು. ಎದ್ದರೆ ಕೈ ಬೀಸುತ್ತಾ ನಿಲ್ಲಬೇಡಿ. ಮುಖ, ತಲೆ ಮುಚ್ಚಿಕೊಂಡು, ಕಾಲಡಿ ನೋಡಿಕೊಂಡು ಆದಷ್ಟು ದೂರ ಓಡಿ, ವಾಹನ ಅಥವಾ ಮನೆಯೊಳಗೆ ಸೇರಿಕೊಳ್ಳಿ. ಕೊಂಡಿಗಳನ್ನು ತಕ್ಷಣ ತೆಗೆಯಿರಿ. ಬಹಳ ಕಡೆ ಕಚ್ಚಿದ್ದರೆ, ಉಸಿರಾಟ ಕಷ್ಟವಾದರೆ, ತುಟಿ ಊದಿಕೊಂಡರೆ ಕಾಯದೆ ಆಸ್ಪತ್ರೆಗೆ ಹೋಗಿ.

ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಹೀರಬೇಡಿ, ನಾಟಿ ಔಷಧಿಗೆ ಹೊತ್ತು ಕಳೆಯಬೇಡಿ. ಉಂಗುರ, ವಾಚು, ಕಾಲ್ಗೆಜ್ಜೆ ತೆಗೆದುಬಿಡಿ. ಕಚ್ಚಿದ ಕೈಯೋ ಕಾಲೋ ಅಲುಗಾಡದ ಹಾಗೆ ಪಟ್ಟಿ ಕಟ್ಟಿ, ಅವರನ್ನು ನಡೆಸದೆ ಎತ್ತಿಕೊಂಡು ಬನ್ನಿ. 108ಕ್ಕೆ ಫೋನ್ ಮಾಡಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೇ ಹೋಗಿ. ಹೊರಡುವ ಮುಂಚೆಯೇ ಹತ್ತಿರದ ತಾಲ್ಲೂಕು ಆಸ್ಪತ್ರೆ ಯಾವುದು ಅಂತ ನೋಡಿಟ್ಟುಕೊಂಡಿದ್ದರೆ ಆ ಗಾಬರಿಯಲ್ಲಿ ಹುಡುಕುವ ಕಷ್ಟ ಇರೋದಿಲ್ಲ. ಹಾವನ್ನು ಹೊಡೆಯೋದಕ್ಕೆ, ಹಿಡಿಯೋದಕ್ಕೆ ಹೋಗಬೇಡಿ. ಯಾವ ಹಾವು ಅಂತ ಗೊತ್ತಿಲ್ಲದಿದ್ದರೂ ವೈದ್ಯರು ಚಿಕಿತ್ಸೆ ಕೊಡುತ್ತಾರೆ.

ದಾರಿ ತಪ್ಪಿದರೆ ಎಲ್ಲರೂ ಒಟ್ಟಿಗೇ ಇರಿ, ಗೊತ್ತಿಲ್ಲದ ಬಂಡೆ ಇಳಿಯೋದಕ್ಕೆ ಹೋಗಬೇಡಿ. ಸಿಗ್ನಲ್ ಸಿಗುವ ಕಡೆಯಿಂದ 112ಕ್ಕೆ ಫೋನ್ ಮಾಡಿ.

9. ಮನೆಗೆ ಬಂದ ಮೇಲೆ

ಬಟ್ಟೆಗಳನ್ನು ಹೊರಗೇ ಕೊಡವಿ ಬಿಸಿನೀರಿಗೆ ಹಾಕಿ. ಸ್ನಾನ ಮಾಡುವಾಗ ಮಂಡಿ ಹಿಂದೆ, ಕಂಕುಳು, ಸೊಂಟ, ಮಕ್ಕಳಿಗಾದರೆ ಕಿವಿ ಹಿಂದೆ ಉಣ್ಣೆ ಇದೆಯಾ ನೋಡಿ. ಇದ್ದರೆ ಚಿಮಟದಲ್ಲಿ ಚರ್ಮದ ಹತ್ತಿರಕ್ಕೆ ಹಿಡಿದು ನೇರವಾಗಿ ಎಳೆಯಿರಿ, ಉಗುರಿನಲ್ಲಿ ಕುಕ್ಕಬೇಡಿ. ಮುಂದಿನ ವಾರ ಎರಡು ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ನೋಡಿದ ಹಕ್ಕಿಗಳ ಪಟ್ಟಿಯನ್ನು ಹಕ್ಕಿ ನೋಡುವವರು ದಾಖಲೆ ಹಾಕುವ ಇಬರ್ಡ್ (eBird) ಜಾಲತಾಣಕ್ಕೆ ಹಾಕಿದರೆ ಆ ಕಾಡಿನ ಲೆಕ್ಕಕ್ಕೆ ನಿಮ್ಮದೂ ಸೇರುತ್ತದೆ. ಆದರೆ ಗೂಬೆಯ ಪೊಟರೆ, ಹಕ್ಕಿಯ ಗೂಡು, ಕಾಡುಪಾಪದ ಮರ ಕಂಡಿದ್ದರೆ ಫೋಟೋ ಜೊತೆ ಜಾಗದ ಹೆಸರು ಹಾಕಬೇಡಿ. ಮುಂದಿನ ಭಾನುವಾರ ಅಲ್ಲಿ ಇಪ್ಪತ್ತು ಕ್ಯಾಮೆರಾ ನಿಂತಿರುತ್ತವೆ.

ಮುಂದಿನ ಸಲ ಹೊಸ ಕಾಡು ಹುಡುಕಬೇಡಿ. ಅದೇ ದಾರಿಗೆ ಬೇರೆ ತಿಂಗಳಲ್ಲಿ ಹೋಗಿ. ಮಾರ್ಚ್‌ನಲ್ಲಿ ನೋಡಿದ ಬೋಳು ಗುಡ್ಡ ಅಕ್ಟೋಬರ್‌ನಲ್ಲಿ ಗುರುತೇ ಸಿಗೋದಿಲ್ಲ. ಟಿಕೆಟ್ ಬೇಕಾದ ಜಾಗವಾದರೆ ಶನಿವಾರ, ಭಾನುವಾರ ಬಿಟ್ಟು ವಾರದ ಮಧ್ಯೆ ಒಂದು ದಿನ ರಜೆ ಹಾಕಿ. ಟಿಕೆಟ್ ಸಿಗೋದೂ ಸುಲಭ, ದಾರಿಯಲ್ಲಿ ಜನವೂ ಕಡಿಮೆ.